ಚಲನ್ ಹಿಂಬದಿಯ ಬಿಪಿ ಲೆಕ್ಕ

(ನಾನು ಆಪ್ತಸಲಹೆಗಾರ್ತಿ. ಹೆಸರು, ಊರು, ಮನೆಯವರ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

"ಹಾರ್ಟಿಗೇನೂ ಆಗಿಲ್ಲ ಅಂತ ರಿಪೋರ್ಟ್ ಬಂದಿದೆ ಮೇಡಂ. ಮತ್ತೆ ನನ್ನನ್ನ ನಿಮ್ಮ ಹತ್ರ ಯಾಕೆ ಕಳಿಸಿದ್ರೋ ಗೊತ್ತಾಗ್ಲಿಲ್ಲ."

ಪ್ರಭಾಕರ ಕುರ್ಚಿಯ ತುದಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಆಸ್ಪತ್ರೆಯ ಫೈಲು. 44 ವರ್ಷ, ಬ್ಯಾಂಕೊಂದರ ಶಾಖಾ ವ್ಯವಸ್ಥಾಪಕರು. ಸಾಗರದ ಕಡೆಯವರು. ಹೆಂಡತಿ ಸುಜಾತ ಮತ್ತು ಇಬ್ಬರು ಮಕ್ಕಳು ಶಿವಮೊಗ್ಗದಲ್ಲಿ. ಎರಡು ವರ್ಷದ ಹಿಂದೆ ಬಡ್ತಿಯ ಜೊತೆ ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರಕ್ಕೆ ವರ್ಗವಾಯಿತು. ದೊಡ್ಡ ಮಗಳು ಆಗಷ್ಟೇ ಹೈಸ್ಕೂಲು ಮುಗಿಸಿ ಪಿಯುಸಿಗೆ ಸೇರುವವಳಿದ್ದಳು, ಮನೆಯವರನ್ನು ಕರೆದುಕೊಂಡು ಹೋಗುವ ಮಾತೇ ಬರಲಿಲ್ಲ. ಬ್ಯಾಂಕಿಗೆ ರಜೆ ಇರುವ ಎರಡನೇ, ನಾಲ್ಕನೇ ಶನಿವಾರ ಸಿಕ್ಕಿದರೆ ರಾತ್ರಿ ಬಸ್ಸು ಹತ್ತಿ ಬರುತ್ತಿದ್ದರು. ಬರಬೇಕಾದಷ್ಟು ಸಲ ಬರಲಾಗುತ್ತಿರಲಿಲ್ಲ.

ನನ್ನ ಬಳಿಗೆ ಬರುವ ಮೂರು ವಾರ ಮೊದಲು, ಒಂದು ಭಾನುವಾರ ರಾತ್ರಿ ಒಂದೂವರೆಗೆ ಬಾಡಿಗೆ ರೂಮಿನಲ್ಲಿ ಎಚ್ಚರವಾಯಿತಂತೆ. ಎದೆಯ ಮೇಲೆ ಯಾರೋ ಕೂತ ಹಾಗೆ. ಬನಿಯನ್ ಒದ್ದೆ. ಎಡಗೈ ಜೋಮು. ಎದ್ದು ಕೂತು ನೀರು ಕುಡಿದು, ಫೋನು ಕೈಯಲ್ಲಿ ಹಿಡಿದುಕೊಂಡು ನಲವತ್ತು ನಿಮಿಷ ಹಾಗೇ ಕೂತಿದ್ದರು. ಯಾರಿಗೂ ಕರೆ ಮಾಡಲಿಲ್ಲ.

"ಯಾಕೆ?" ಅಂದೆ.

"ಯಾರಿಗೆ ಮಾಡ್ಲಿ ಮೇಡಂ? ಮನೆಗೆ ಮಾಡಿದ್ರೆ ಅವ್ಳು ಹೆದ್ರಿಕೊಳ್ತಾಳೆ, ನಾನೂರು ಕಿಲೋಮೀಟರ್ ದೂರದಲ್ಲಿ ಕೂತು ಏನು ಮಾಡ್ತಾಳೆ? ಬ್ರ್ಯಾಂಚಿನವರಿಗೆ ಮಾಡಿದ್ರೆ ಬೆಳಿಗ್ಗೆ ಊರಿಗೆಲ್ಲ ಗೊತ್ತಾಗುತ್ತೆ."

ಕೊನೆಗೆ ಬಸ್‌ಸ್ಟ್ಯಾಂಡಿನವರೆಗೆ ತಾವೇ ನಡೆದು, ಆಟೋ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋದರು. ಅಲ್ಲಿ ಇಸಿಜಿ ತೆಗೆದರು, ಬೆಳಿಗ್ಗೆ ಜಿಲ್ಲಾ ಕೇಂದ್ರಕ್ಕೆ ಕಳಿಸಿದರು. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಅಂತ ನೋಡುವ ರಕ್ತದ ಟ್ರೋಪೋನಿನ್ ಪರೀಕ್ಷೆ, ಹೃದಯದ ಸ್ಕ್ಯಾನ್ ಅಂದರೆ ಎಕೋ, ಆಮೇಲೆ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಟಿಎಂಟಿ, ಎಲ್ಲ ಸರಿಯಾಗಿತ್ತು. ಸರಿ ಇಲ್ಲದ್ದು ರಕ್ತದೊತ್ತಡ: 170/104. ಸಕ್ಕರೆ ಗಡಿಯಲ್ಲಿತ್ತು. ಹೃದ್ರೋಗ ವೈದ್ಯರು ಬಿಪಿ ಮಾತ್ರೆ ಬರೆದು, ಸಿಗರೇಟು ಬಿಡಲು ಹೇಳಿ, ಚೀಟಿಯ ಕೊನೆಯ ಸಾಲಿನಲ್ಲಿ 'ಆಪ್ತಸಲಹೆ' ಅಂತ ಸೇರಿಸಿದ್ದರು. ಆ ಸಾಲು ಅವರಿಗೆ ಅವಮಾನ ಅನ್ನಿಸಿತ್ತು.

ಮುಂದೆ ಹೋಗುವ ಮೊದಲು ಆ ನಲವತ್ತು ನಿಮಿಷದ ಬಗ್ಗೆ ಒಂದು ಮಾತು. ಪ್ರಭಾಕರ ಅವರದು ಹೃದಯಾಘಾತವಲ್ಲ ಅಂತ ಗೊತ್ತಾಗಿದ್ದು ಪರೀಕ್ಷೆಗಳಾದ ಮೇಲೆ. ಎದೆ ಹಿಡಿದು ಬೆವರು ಬಂದಾಗ ಇದು ಗ್ಯಾಸ್ಟ್ರಿಕ್ಕೋ, ಟೆನ್ಷನ್ನೋ, ಹೃದಯವೋ ಅಂತ ರೂಮಿನಲ್ಲಿ ಕೂತು ತೀರ್ಮಾನ ಮಾಡಲು ಯಾರಿಂದಲೂ ಆಗದು. ರಕ್ತನಾಳ ಕಟ್ಟಿಕೊಂಡಿದ್ದರೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. 108ಕ್ಕೆ ಕರೆ ಮಾಡಬೇಕು, ಬಾಗಿಲ ಚಿಲಕ ತೆಗೆದಿಡಬೇಕು, ನಡೆದು ಹೋಗಬಾರದು. ಇದನ್ನು ಮೊದಲ ದಿನವೇ ಅವರಿಂದ ನಾನು ಎರಡು ಸಲ ಬಾಯಿಬಿಟ್ಟು ಹೇಳಿಸಿದೆ.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೆ ತೀರಿಕೊಂಡಾಗ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದು ನೆನಪಿದೆ. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗಲೂ ಹಾಗೇ ಆಯಿತು. ಆ ಭಯ ತಪ್ಪಲ್ಲ. ಎಷ್ಟೋ ಜನರ ಬಿಪಿ, ಸಕ್ಕರೆ ಮೊದಲ ಸಲ ಗೊತ್ತಾಗುವುದು ಅಂಥ ಸಾಲಿನಲ್ಲಿ ನಿಂತಾಗಲೇ. ಆದರೆ ಇಸಿಜಿ ಸರಿ ಬಂತು ಅಂದ ಕೂಡಲೇ ಎಲ್ಲರೂ ಮನೆಗೆ ಹೋಗುತ್ತೇವೆ. ದಿನ ಹೇಗೆ ಕಳೆಯುತ್ತೆ, ರಾತ್ರಿ ಯಾರ ಜೊತೆ ಊಟ ಮಾಡ್ತೀರಿ ಅಂತ ಕೇಳಲು ಆ ಗದ್ದಲದಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಪ್ರಭಾಕರ ಅವರನ್ನು ಕಳಿಸಿದ ವೈದ್ಯರಿಗೆ ಆ ಪುರಸೊತ್ತು ಇತ್ತು. ಅವರಿಗೆ ನಾನು ಋಣಿ.

ಹಾಗಾಗಿ ದಿನಚರಿಯನ್ನೇ ಕೇಳಿದೆ. ಬೆಳಿಗ್ಗೆ ಎಂಟೂವರೆಗೆ ಶಾಖೆಯ ಬೀಗ. ಸಂಜೆ ಕ್ಯಾಶ್ ಟ್ಯಾಲಿ ಆದ ಮೇಲೆ ಸಾಲದ ಕಡತಗಳು. ಆರೂವರೆಗೆ ಪ್ರಾದೇಶಿಕ ಕಚೇರಿಯ ವಿ.ಸಿ., ಅಂದರೆ ವಿಡಿಯೋ ಕಾನ್ಫರೆನ್ಸ್: ಇವತ್ತು ಎಷ್ಟು ಖಾತೆ ತೆರೆದಿರಿ, ಎಷ್ಟು ವಸೂಲಾಯ್ತು, ಇನ್ಶೂರೆನ್ಸ್ ಎಷ್ಟು ಪಾಲಿಸಿ. ನಲವತ್ತು ಮಂದಿ ಮ್ಯಾನೇಜರುಗಳು ನೋಡುತ್ತಿರುವಾಗ ಹೆಸರು ಹಿಡಿದು ಕೂಗಿ ಕೇಳುತ್ತಾರೆ. ರೂಮು ಸೇರುವಾಗ ಒಂಬತ್ತು. ವಾಟ್ಸಾಪ್ ಗುಂಪಿನಲ್ಲಿ ನಾಳೆಯ ಟಾರ್ಗೆಟ್ ಬರುವುದು ಹತ್ತೂವರೆಗೆ. ಲೆಕ್ಕ ಹಾಕಿದೆವು: ವಾರಕ್ಕೆ 62, 63 ಗಂಟೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಪ್ರಕಟಿಸಿದ ಅಂದಾಜನ್ನು ಅವರಿಗೆ ತೋರಿಸಿದೆ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಅಂಕಿಯ ಮನುಷ್ಯ ಅವರು. ಕನ್ನಡಕ ಏರಿಸಿ ಎರಡು ಸಲ ಓದಿದರು.

"ಕೆಲಸಕ್ಕೆ ನಾನು ಹೆದರೋನಲ್ಲ ಮೇಡಂ. ಕ್ಲರ್ಕ್ ಆಗಿದ್ದಾಗ ಇದಕ್ಕಿಂತ ಹೆಚ್ಚು ಮಾಡಿದೀನಿ. ಈಗ ಎಲ್ಲದಕ್ಕೂ ಜವಾಬ್ದಾರಿ ನಂದು, ಯಾವುದೂ ನನ್ನ ಕೈಯಲ್ಲಿಲ್ಲ. ಸಾಲ ಕೊಡೋಕೆ ಮೇಲಿನವರ ಒಪ್ಪಿಗೆ ಬೇಕು. ಸಾಲ ಬಾಕಿಯಾದ್ರೆ ಮಾತ್ರ ನನ್ನನ್ನೇ ಕೇಳ್ತಾರೆ. ಮಳೆ ಬರದೆ ತೊಗರಿ ಒಣಗಿದ್ರೂ ನನ್ನನ್ನೇ ಕೇಳ್ತಾರೆ."

ಅವರಿಗೆ ಗೊತ್ತಿಲ್ಲದೆ ಅವರು ಹೇಳಿದ್ದು ಈ ವಿಷಯದ ತಿರುಳನ್ನೇ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ದೊಡ್ಡ ಸಾಹೇಬರಿಗೇ ಹೃದಯದ ಕಾಯಿಲೆ ಹೆಚ್ಚು ಅಂತ ಜನ ನಂಬಿದ್ದ ಕಾಲ. ಕಂಡಿದ್ದು ತದ್ವಿರುದ್ಧ: ದರ್ಜೆ ಕೆಳಗಿಳಿದಷ್ಟೂ ಹೃದಯದ ಕಾಯಿಲೆಯಿಂದ ಸಾಯುವವರು ಹೆಚ್ಚು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಲೆಕ್ಕದಿಂದ ತೆಗೆದರೂ ಆ ಅಂತರ ಪೂರ್ತಿ ಅಳಿಯಲಿಲ್ಲ. 1985ರಲ್ಲಿ ಶುರುವಾದ ಎರಡನೇ ಸುತ್ತಿನ ಅಧ್ಯಯನದಲ್ಲಿ ಕಂಡ ಒಂದು ಮುಖ್ಯ ಕಾರಣ, ಮಾಡುವ ಕೆಲಸದ ಮೇಲೆ ಹಿಡಿತ ಇಲ್ಲದಿರುವುದು. ಕ್ಯಾಬಿನ್ ಇದೆ, ಹೆಸರಿನ ಬೋರ್ಡಿದೆ, ಹಿಡಿತ ಮಾತ್ರ ಇಲ್ಲ. ನಮ್ಮ ಊರುಗಳ ಶಾಖಾ ವ್ಯವಸ್ಥಾಪಕರು ಎಷ್ಟೋ ಜನ ಇದೇ ಜಾಗದಲ್ಲಿದ್ದಾರೆ.

ಇಷ್ಟಾದರೂ ಇದು ಅರ್ಧ ಕಥೆ ಅನ್ನಿಸುತ್ತಿತ್ತು. ಇನ್ನರ್ಧ ಎರಡನೇ ಭೇಟಿಯಲ್ಲಿ ಹೊರಬಂತು, ಅದೂ ನನ್ನ ತಪ್ಪು ಸಲಹೆಯಿಂದ. ಊರಲ್ಲಿ ಯಾರನ್ನಾದರೂ ಪರಿಚಯ ಮಾಡಿಕೊಳ್ಳಿ, ಬೆಳಿಗ್ಗೆ ವಾಕಿಂಗ್ ಹೋಗುವವರ ಜೊತೆ ಸೇರಿಕೊಳ್ಳಿ ಅಂದಿದ್ದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು.

"ಆ ಊರಲ್ಲಿ ಇರೋರು ಎರಡೇ ಜಾತಿ ಮೇಡಂ. ನನ್ನಿಂದ ಸಾಲ ತಗೊಂಡೋರು, ನಾನು ಸಾಲ ಕೊಡದೇ ಇದ್ದೋರು. ವಾಕಿಂಗ್ ಹೋದ್ರೆ ಅಲ್ಲೂ ಸಿಬಿಲ್ ಸ್ಕೋರ್ ಮಾತು. ಯಾರ ಮನೇಲೋ ಒಂದು ಲೋಟ ಚಹಾ ಕುಡಿದ್ರೆ ನಾಳೆ ಅವರ ಕಡತ ನನ್ನ ಟೇಬಲ್ಲಿಗೆ ಬರುತ್ತೆ. ಅದಕ್ಕೇ ನಾನು ಯಾರ ಮನೆಗೂ ಹೋಗಲ್ಲ."

ದಿನಕ್ಕೆ ನೂರೈವತ್ತು ಜನ ಎದುರಿಗೆ ಬಂದು ನಿಲ್ಲುವ ಮನುಷ್ಯನ ಒಂಟಿತನ ಇದು. ಒಬ್ಬರೇ ಇರುವುದಕ್ಕೂ ಒಂಟಿಯಾಗಿರುವುದಕ್ಕೂ ಇರುವ ವ್ಯತ್ಯಾಸವನ್ನು ಪುಸ್ತಕದಲ್ಲಿ ಓದಿದ್ದೆ. ಅಷ್ಟು ಸ್ಪಷ್ಟವಾಗಿ ಕೇಳಿದ್ದು ಅವತ್ತೇ. ಆ ರೂಮಿನಲ್ಲಿ ಅವರ ರಾತ್ರಿ ಊಟ ಮೊಸರು ಹಾಕಿದ ಅವಲಕ್ಕಿ. ಖಾನಾವಳಿಗೆ ಹೋದರೆ ಸಾಲಗಾರರು ಸಿಗುತ್ತಾರೆ. ಹನ್ನೊಂದು ವರ್ಷದ ಹಿಂದೆ ಬಿಟ್ಟಿದ್ದ ಸಿಗರೇಟು ಮತ್ತೆ ಶುರುವಾಗಿತ್ತು. ಒಂಬತ್ತೂವರೆಗೆ ಮನೆಗೆ ಫೋನು, ಎರಡು ವರ್ಷದಿಂದ ಒಂದು ದಿನವೂ ತಪ್ಪಿಲ್ಲ. ಕರೆಗಳ ಪಟ್ಟಿ ತೋರಿಸಿ ಅಂದೆ. ಬೆರಳಲ್ಲಿ ಸರಿಸುತ್ತಾ ಹೋದೆವು. ಮೂರು ನಿಮಿಷ. ಎರಡು ನಿಮಿಷ. ನಾಲ್ಕು. ಎರಡು.

"ಏನು ಮಾತಾಡ್ತೀರಿ?"

"ಊಟ ಆಯ್ತಾ ಅಂತಾಳೆ. ಆಯ್ತು, ಎಲ್ಲ ಆರಾಮ ಅಂತೀನಿ. ಮಗಳು ಓದ್ತಿದಾಳಾ ಅಂತೀನಿ."

ಎದೆನೋವಿನ ರಾತ್ರಿಯ ಮರುದಿನವೂ ಅವರು 'ಎಲ್ಲ ಆರಾಮ' ಅಂದಿದ್ದರು, ಜಿಲ್ಲಾಸ್ಪತ್ರೆಯ ವರಾಂಡದಲ್ಲಿ ನಿಂತುಕೊಂಡು.

2016ರಲ್ಲಿ ಬ್ರಿಟನ್ನಿನ ಸಂಶೋಧಕರು ಆವರೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಒಂಟಿತನದಲ್ಲಿ ಅಥವಾ ಜನಸಂಪರ್ಕ ಕಡಿದುಕೊಂಡು ಬದುಕುವವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 29ರಷ್ಟು, ಪಾರ್ಶ್ವವಾಯು ಶೇ. 32ರಷ್ಟು ಹೆಚ್ಚು ಕಂಡುಬಂದಿತ್ತು. ಒಂಟಿತನವೇ ನೇರವಾಗಿ ರಕ್ತನಾಳ ಕಟ್ಟಿಸುತ್ತದೆ ಅಂತ ಇದರ ಅರ್ಥವಲ್ಲ. ಒಂಟಿಯಾದವರು ಹೆಚ್ಚು ಸೇದುತ್ತಾರೆ, ಕಡಿಮೆ ಓಡಾಡುತ್ತಾರೆ, ಮಾತ್ರೆ ಮರೆಯುತ್ತಾರೆ, ನೋವು ಬಂದಾಗ ನಲವತ್ತು ನಿಮಿಷ ಕೂತೇ ಇರುತ್ತಾರೆ. ದೇಹದ ಒಳಗಿನದು ಬೇರೆ. ಮನಸ್ಸು ಕಾವಲಲ್ಲೇ ಇದ್ದರೆ ಒತ್ತಡದ ಹಾರ್ಮೋನುಗಳಾದ ಅಡ್ರಿನಲಿನ್, ಕಾರ್ಟಿಸಾಲ್ ಇಳಿಯುವುದಿಲ್ಲ. ರಕ್ತನಾಳ ಬಿಗಿಯಾಗಿಯೇ ಇರುತ್ತದೆ. ನಿದ್ದೆಯಲ್ಲಿ ರಕ್ತದೊತ್ತಡ ಹಗಲಿಗಿಂತ ಶೇ. 10ರಿಂದ 20ರಷ್ಟು ತಗ್ಗಬೇಕು. ಹೃದಯಕ್ಕೆ ಸಿಗುವ ವಿರಾಮ ಅದು. ಹತ್ತೂವರೆಯ ಸಂದೇಶ ನೋಡಿ ಎರಡು ಗಂಟೆಯವರೆಗೆ ಹೊರಳಾಡುವವನಿಗೆ ಆ ವಿರಾಮ ಎಲ್ಲಿಂದ ಬರಬೇಕು?

ಆ ದಿನ ಏಳುವ ಮೊದಲು ಅವರು ಒಂದು ಮಾತು ಅಂದರು, ತಮಾಷೆಯ ಧಾಟಿಯಲ್ಲಿ: "ನಂಗೇನಾದ್ರೂ ಆದ್ರೂ ತೊಂದ್ರೆ ಇಲ್ಲ ಮೇಡಂ, ಟರ್ಮ್ ಇನ್ಶೂರೆನ್ಸ್ ಇದೆ. ಮಕ್ಕಳ ಓದಿಗೆ ಸಾಕು."

ನಾನು ಪೆನ್ನು ಕೆಳಗಿಟ್ಟೆ. ಇಂಥ ಮಾತನ್ನು ನಕ್ಕು ಬಿಟ್ಟುಬಿಡಬಾರದು. ನೇರವಾಗಿ ಕೇಳಿದೆ: ಸಾಯಬೇಕು ಅನ್ನಿಸುತ್ತಾ? ಹೇಗೆ ಅಂತ ಯೋಚನೆ ಮಾಡಿದ್ದೀರಾ? ಕೇಳಿದರೆ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಸಾಯ್ಬೇಕು ಅಂತಲ್ಲ. ಬೆಳಿಗ್ಗೆ ಎಚ್ಚರ ಆಗದೇ ಇದ್ರೆ ಚೆನ್ನಾಗಿರುತ್ತೆ ಅಂತ ಕೆಲವು ಸಲ" ಅಂದರು. ಆಮೇಲೆ ಅತ್ತರು. ಮನೋವೈದ್ಯರ ಭೇಟಿಯನ್ನು ಅವತ್ತೇ ಗೊತ್ತು ಮಾಡಿದೆ. ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವರ ಫೋನಿನಲ್ಲಿ ನಾನೇ ಸೇವ್ ಮಾಡಿಕೊಟ್ಟೆ. ರಾತ್ರಿ ಎರಡಕ್ಕೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ಬ್ರ್ಯಾಂಚಿನವರಿಗೆ ಗೊತ್ತಾಗುವುದಿಲ್ಲ. ಸುಜಾತ ಅವರಿಗೆ ವಿಷಯ ತಿಳಿಸಲೇಬೇಕು ಅಂದೆ. ಒಪ್ಪಲು ಅರ್ಧ ಗಂಟೆ ಹಿಡಿಯಿತು.

ಅವರಿಗೆ ಕೊಟ್ಟ ಕೆಲಸ ಚಿಕ್ಕದು. ವೈದ್ಯರು ಬಿಪಿ ಬರೆದಿಡಲು ಹೇಳಿದ್ದರು. ತೋಳಿಗೆ ಕಟ್ಟುವ ಯಂತ್ರ, ಬೆನ್ನು ಆನಿಸಿ ಐದು ನಿಮಿಷ ಕೂತ ಮೇಲೆ, ಅರ್ಧ ಗಂಟೆ ಮೊದಲಿಂದ ಚಹಾ, ಸಿಗರೇಟು ಇಲ್ಲದೆ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ ಅಂದೆ: 'ಇವತ್ತು ಯಾರ ಜೊತೆ ಮಾತಾಡಿದೆ.' ಕೆಲಸದ ಮಾತು ಲೆಕ್ಕಕ್ಕಿಲ್ಲ.

ಮೂರು ವಾರದ ನಂತರ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತಂದರು. ಹಳೆಯ ನಮೂನೆಯ, ಬಳಕೆ ತಪ್ಪಿದ ಕ್ಯಾಶ್ ಚಲನ್‌ಗಳ ಹಿಂಬದಿಯಲ್ಲಿ, ಸ್ಕೇಲಿಟ್ಟು ಗೆರೆ ಎಳೆದು ಬರೆದಿದ್ದರು. ಬ್ಯಾಂಕಿನವರ ಅಕ್ಷರ, ಒಂದೂ ತಿದ್ದಿಲ್ಲ. ಬೆಳಿಗ್ಗೆ 146/94. ರಾತ್ರಿ, ವಿ.ಸಿ. ಮುಗಿದ ಮೇಲೆ, 162/100. ಮೂರನೇ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ. ಮರುದಿನ ಅಡ್ಡಗೆರೆ. ಅದರ ಮರುದಿನವೂ. ಹನ್ನೊಂದು ಚಲನ್, ಹನ್ನೊಂದು ಅಡ್ಡಗೆರೆ. ಹನ್ನೆರಡನೆಯದು ಶಿವಮೊಗ್ಗಕ್ಕೆ ಬಂದ ಭಾನುವಾರದ್ದು: 132/84, 'ಅಮ್ಮ, ಸುಜಾತ, ಮಕ್ಕಳು. ಕಡುಬು.' ಅದೇ ರಾತ್ರಿ ಬಸ್ ಹತ್ತುವ ಮೊದಲು ಮನೆಯಲ್ಲೇ ಅಳೆದಿದ್ದು: 150/96.

ಚಲನ್‌ಗಳನ್ನು ಮೇಜಿನ ಮೇಲೆ ಹರಡಿದೆ. ನಾನು ಏನೂ ವಿವರಿಸಲಿಲ್ಲ. ಅವರೇ ಆ ಭಾನುವಾರದ ಎರಡು ಅಂಕಿಗಳ ಮೇಲೆ ಬೆರಳಿಟ್ಟು ಕೂತರು.

ಆ ಭೇಟಿಗೆ ಸುಜಾತ ಕೂಡ ಬಂದಿದ್ದರು. ಅಷ್ಟರಲ್ಲಿ ಅವರಿಗೆ ಎಲ್ಲ ಗೊತ್ತಿತ್ತು. "ನಿಮ್ ದನಿಯಲ್ಲೇ ಗೊತ್ತಾಗ್ತಿತ್ತು ರೀ. ಇನ್ನೊಂದು ಮಾತು ಕೇಳಿದ್ರೆ ಫೋನ್ ಇಟ್ಟುಬಿಡ್ತೀರಿ ಅಂತ ಕೇಳ್ತಿರ್ಲಿಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಾನೂ ಎಲ್ಲ ಆರಾಮ ಅಂತಲೇ ಹೇಳ್ತಿದ್ದೆ ಮೇಡಂ. ಮಗಳು ರಾತ್ರಿ ಎಲ್ಲ ಅಳ್ತಾಳೆ, ಪರೀಕ್ಷೆ ಭಯ. ಇವರಿಗೆ ಹೇಳಿಲ್ಲ." ಗಂಡ ಹೆಂಡತಿ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಎರಡು ವರ್ಷ ಬೇರೆ ಬೇರೆ ಕೂತು ಒಬ್ಬೊಬ್ಬರೇ ಹೊತ್ತಿದ್ದರು.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಅಲ್ಲೇ ಹುಟ್ಟಿತು. ರಾತ್ರಿಯ ಕರೆಯಲ್ಲಿ 'ಎಲ್ಲ ಆರಾಮ' ಅನ್ನುವಂತಿಲ್ಲ. ಅವತ್ತು ಆದದ್ದು ಒಂದನ್ನು, ಇದ್ದದ್ದು ಇದ್ದ ಹಾಗೆ, ಇಬ್ಬರೂ ಹೇಳಬೇಕು. ಕೇಳಿದವರು ಪರಿಹಾರ ಹೇಳಬಾರದು. ಇದು ಕೇಳಲು ಸುಲಭ. ಮೊದಲ ವಾರ ಪ್ರಭಾಕರ ಅವರಿಗೆ ಬಾಯಿ ಬರಲಿಲ್ಲ. ನಾಲ್ಕನೇ ದಿನ 'ಇವತ್ತು ಅವಲಕ್ಕಿಗೆ ಮೊಸರೂ ಇರ್ಲಿಲ್ಲ' ಅಂದರಂತೆ. ಅಲ್ಲಿಂದ ಶುರು.

ಊಟದ ವಿಷಯ ಬಗೆಹರಿಸಿದ್ದು ನಾನಲ್ಲ, ಅವರ ಶಾಖೆಯ ಅಟೆಂಡರ್. ಎಷ್ಟೋ ಸಲ ಕರೆದಿದ್ದರಂತೆ: "ಸಾಹೇಬ್ರ, ಒಬ್ರೇ ಏನ್ ಉಣ್ತೀರಿ, ಬರ್ರಿ ಮನಿಗಿ." ಇವರು ಪ್ರತಿ ಸಲವೂ ಏನೋ ನೆಪ ಹೇಳಿದ್ದರು. ಆ ಮನೆಯಲ್ಲಿ ಸಾಲದ ಕಡತ ಇಲ್ಲವಲ್ಲ ಅಂದೆ. ಗುರುವಾರ ರಾತ್ರಿ ಅಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ ಅಂತ ಗೊತ್ತಾಯಿತು. ಇನ್ನೊಬ್ಬರು ತಾನಾಗಿ ಸಿಕ್ಕರು. ತಾಲ್ಲೂಕಿನ ಎಲ್ಲ ಬ್ಯಾಂಕುಗಳಿಗೆ ಮೂರು ತಿಂಗಳಿಗೊಮ್ಮೆ ನಡೆಯುವ ಸಭೆಯಲ್ಲಿ ಪಕ್ಕದ ಬೀದಿಯ ಬೇರೆ ಬ್ಯಾಂಕಿನ ಮ್ಯಾನೇಜರನ್ನು ಇವರು ನೋಡುತ್ತಲೇ ಇದ್ದರು. ಕುಂದಾಪುರದ ಕಡೆಯವರು. ಚಹಾ ಹೊತ್ತಿನಲ್ಲಿ "ನೀವೂ ಒಬ್ರೇ ಇರೋದಾ?" ಅಂತ ಕೇಳಲು ಇವರಿಗೆ ಎರಡು ವರ್ಷ ಬೇಕಾಗಿತ್ತು. ಅವರೂ ಒಬ್ಬರೇ. ಅವರಿಗೂ ಇವರಿಂದ ಸಾಲ ಬೇಡ. ಈಗ ಬೆಳಿಗ್ಗೆ ಇಬ್ಬರೂ ಕೆರೆ ಏರಿಯ ಮೇಲೆ ಅರ್ಧ ಗಂಟೆ ನಡೆಯುತ್ತಾರೆ. ರಾತ್ರಿ ಏನಾದರೂ ಆದರೆ ಯಾರಿಗೆ ಕರೆ ಮಾಡಬೇಕು ಅನ್ನುವ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು. ಒಬ್ಬರ ರೂಮಿನ ಕೀಲಿ ಇನ್ನೊಬ್ಬರ ಹತ್ತಿರ ಇದೆ.

ಕೆಲಸದ ಕಡೆ ನಾವು ಮಾಡಲಾಗಿದ್ದು ಸ್ವಲ್ಪ. ವಾಟ್ಸಾಪ್ ಗುಂಪನ್ನು ರಾತ್ರಿ ಒಂಬತ್ತೂವರೆಯಿಂದ ಬೆಳಿಗ್ಗೆ ಏಳರವರೆಗೆ ನೋಡುವುದಿಲ್ಲ ಅಂತ ತೀರ್ಮಾನಿಸಿದರು. ಮೊದಲ ರಾತ್ರಿ ಕೈ ನಡುಗಿತಂತೆ. ತಿಂಗಳಾದರೂ ಅದರಿಂದ ಏನೂ ಅನಾಹುತ ಆಗಲಿಲ್ಲ. ವೈದ್ಯರ ಚೀಟಿ ಲಗತ್ತಿಸಿ ಮೇಲಿನ ಕಚೇರಿಗೆ ನಾಲ್ಕು ಸಾಲಿನ ಪತ್ರ ಬರೆದೆವು: ಒಬ್ಬ ಅಧಿಕಾರಿಯನ್ನು ಹೆಚ್ಚುವರಿಯಾಗಿ ಕೊಡಿ, ಮುಂದಿನ ವರ್ಗಾವಣೆಯಲ್ಲಿ ಶಿವಮೊಗ್ಗದ ಹತ್ತಿರ ಪರಿಗಣಿಸಿ. ಹೆಚ್ಚುವರಿ ಅಧಿಕಾರಿ ಬರಲಿಲ್ಲ. ವರ್ಗಾವಣೆ ಬಗ್ಗೆ 'ಗಮನಿಸಲಾಗಿದೆ' ಅಂತ ಉತ್ತರ ಬಂತು. ಟಾರ್ಗೆಟ್ ಹಾಗೇ ಇದೆ, ಹೆಸರು ಹಿಡಿದು ಕೂಗುವುದೂ ಹಾಗೇ ಇದೆ. ಈ ಪ್ರಕರಣದಲ್ಲಿ ನನ್ನನ್ನು ಇವತ್ತಿಗೂ ಕಾಡುವುದು ಇದೇ. ಒಬ್ಬ ಮನುಷ್ಯನಿಗೆ ಉಸಿರಾಟ ಕಲಿಸಬಹುದು, ನಡೆಯಲು ಹೇಳಬಹುದು, ಆದರೆ ನಲವತ್ತು ಜನರ ಮುಂದೆ ದಿನವೂ ಅವಮಾನ ಮಾಡುವುದು ಅವನ ಕಾಯಿಲೆಯಲ್ಲ, ಅದನ್ನು ನಿಲ್ಲಿಸಬೇಕಾದವರು ಬೇರೆ ಇದ್ದಾರೆ. ಯಾರಾದರೂ ಮೇಲಧಿಕಾರಿಗಳು ಇದನ್ನು ಓದುತ್ತಿದ್ದರೆ, ಕೇಳಬೇಕಾದ್ದನ್ನು ಒಬ್ಬೊಬ್ಬರನ್ನೇ ಕರೆದು ಕೇಳಿ ಅಂತ ಕೈಮುಗಿದು ಬೇಡುತ್ತೇನೆ.

ಬಿಪಿ ಮಾತ್ರೆಯನ್ನು ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಬಾರದು ಅಂತ ಪ್ರತಿ ಭೇಟಿಯಲ್ಲೂ ನೆನಪಿಸಿದೆ. ಅಂಕಿ ಇಳಿದಾಗಲೇ ಜನ ನಿಲ್ಲಿಸುವುದು. ಮನೋವೈದ್ಯರು ನಾಲ್ಕು ತಿಂಗಳಿಂದ ನೋಡುತ್ತಿದ್ದಾರೆ, ನಿದ್ದೆ ಸುಧಾರಿಸಿದೆ. ಎಚ್ಚರವಾಗದಿದ್ದರೆ ಚೆನ್ನ ಅನ್ನುವ ಯೋಚನೆ ಬಾರದೆ ಎರಡು ತಿಂಗಳಾಯಿತು ಅನ್ನುತ್ತಾರೆ, ನಾನು ಈಗಲೂ ಪ್ರತಿ ಸಲ ಕೇಳುತ್ತೇನೆ. ಸಿಗರೇಟು ದಿನಕ್ಕೆ ಎಂಟರಿಂದ ಒಂದಕ್ಕೆ ಬಂದು ಅಲ್ಲೇ ನಿಂತಿದೆ, ವಿ.ಸಿ. ಮುಗಿದ ಮೇಲಿನ ಆ ಒಂದು.

ಐದನೇ ತಿಂಗಳ ಕಟ್ಟಿನಲ್ಲಿ ರಾತ್ರಿಯ ಅಂಕಿಗಳು 138/88ರ ಆಸುಪಾಸಿನಲ್ಲಿವೆ. ಅದರಲ್ಲಿ ಮಾತ್ರೆಯ ಪಾಲೆಷ್ಟು, ರೊಟ್ಟಿಯ ಪಾಲೆಷ್ಟು, ಮಾತಿನ ಪಾಲೆಷ್ಟು ಅಂತ ನಾನು ಹೇಳಲಾರೆ. ಮೂರನೇ ಕಾಲಮ್ಮಿನಲ್ಲಿ ಈಗ ಜಾಗ ಸಾಲದೆ ಚಲನ್ ಅಂಚಿನವರೆಗೆ ಬರೆಯುತ್ತಾರೆ. ಕೊನೆಯ ಚಲನ್ ನಾನು ಇಟ್ಟುಕೊಳ್ಳಲೇ ಅಂತ ಕೇಳಿದೆ, ಕೊಟ್ಟರು. ಅದರಲ್ಲಿ ಹೀಗಿದೆ: 'ವಿ.ಸಿ.ಯಲ್ಲಿ ಬೈಸಿಕೊಂಡಿದ್ದು ಸುಜಾತಳಿಗೆ ಹೇಳಿದೆ. ಮಗಳು ಫೋನ್ ಕಿತ್ತುಕೊಂಡು, ಅಪ್ಪ ನಂಗೂ ಇವತ್ತು ಫಿಸಿಕ್ಸ್ ಸರ್ ಬೈದ್ರು ಅಂದಳು. 26 ನಿಮಿಷ.'

ಮುಂದಿನ ಭೇಟಿ ವರ್ಗಾವಣೆ ಪಟ್ಟಿ ಬಂದ ಮೇಲೆ.